ಎಡಬಾಗಿಲಿನ ಬಣ್ಣ

ಆಶ್ರಮದ ಕಾರು ಹೊಸ ಬಣ್ಣ ಹೊಡೆಸಿಕೊಂಡು ಮರಳಿದ ದಿನ ಎಲ್ಲರೂ ಹೊರಗೆ ಬಂದು ನೋಡಿದರು. ಚೆನ್ನಾಗಿದೆ ಎಂದರು. ಗೊತ್ತೇ ಆಗುವುದಿಲ್ಲ ಎಂದೂ ಅಂದರು.

ಏನು ಗೊತ್ತಾಗುವುದಿಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಅದೊಂದು ಬಿಳಿಯ ಅಂಬಾಸಿಡರ್. ವಯಸ್ಸಿನಲ್ಲಿ ಗುರುಗಳಿಗಿಂತ ಚಿಕ್ಕದು, ಭಕ್ತರಲ್ಲಿ ಅನೇಕರಿಗಿಂತ ದೊಡ್ಡದು. ಅದನ್ನು ಓಡಿಸುತ್ತಿದ್ದವನು ಶಿತಿಕಂಠ ಎಂಬ ಶಿಷ್ಯ. ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಗವಿಸಿದ್ದ ಎಂಬ ಇನ್ನೊಬ್ಬ ಶಿಷ್ಯನನ್ನು ಹಲ್ಲು ಕೀಳಿಸಲು ಪೇಟೆಗೆ ಕರೆದುಕೊಂಡು ಹೊರಟಿದ್ದ. ದಾರಿಯ ತಿರುವಿನಲ್ಲಿ ಕಾರಿನ ಎಡಬದಿ ಮೋರಿಯ ಕಟ್ಟೆಗೆ ಬಡಿಯಿತು. ಗವಿಸಿದ್ದ ಕೂತಿದ್ದದ್ದು ಎಡಬದಿಯಲ್ಲಿ.

ಶಿತಿಕಂಠನಿಗೆ ಮೊಣಕೈ ತರಚಿತು.

ಎಮ್ಮೆ ಅಡ್ಡ ಬಂತು ಎಂದು ಅವನು ಹೇಳಿದ.

ಎಲ್ಲರೂ ಎಮ್ಮೆಯನ್ನು ನಂಬಿದರು. ಆ ರಸ್ತೆಯಲ್ಲಿ ಎಮ್ಮೆಗಳಿಗೇನೂ ಕೊರತೆಯಿರಲಿಲ್ಲ. ಪೊಲೀಸರು ಎಮ್ಮೆಯ ಗುರುತು ಕೇಳಿದರು. ಯಾವ ಎಮ್ಮೆಗೂ ಹೊಂದುವ ಗುರುತು ಹೇಳಲಾಯಿತು. ದಿನ ಕಳೆದಂತೆ ಭಕ್ತರ ಬಾಯಲ್ಲಿ ಎಮ್ಮೆ ಬೆಳೆಯುತ್ತ ಹೋಗಿ ಕೋಣವಾಯಿತು. ಕೋಣ ಯಾರ ವಾಹನ ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಯಮನೇ ಎದುರು ಬಂದ ಮೇಲೆ ಡ್ರೈವರ್ ಏನು ಮಾಡಿಯಾನು ಎಂದು ಸಮಾಧಾನ ಹೇಳಿದರು. ಅದರಿಂದ ಶಿತಿಕಂಠನೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಸಮಾಧಾನವಾಯಿತು.

ದೇಹವನ್ನು ಗವಿಸಿದ್ದನ ಅಣ್ಣ ಬಂದು ಊರಿಗೆ ಒಯ್ದ. ನುಗ್ಗಾದ ಮುಂದಿನ ಎಡಬಾಗಿಲನ್ನು ನೇರ ಮಾಡಿಸಿ ಬಣ್ಣ ಹೊಡೆಸಲು ಕಾರನ್ನು ಟಿಂಕರಿಂಗ್‌ಗೆ ಬಿಟ್ಟರು.

ಗುರುಗಳು ಮಾತ್ರ ಏನೂ ಹೇಳಲಿಲ್ಲ. ಅವರು ಮೊದಲಿನಿಂದಲೂ ಕಡಿಮೆ ಮಾತಿನವರು. ಅದು ಆಳ ಎಂದು ಭಕ್ತರು ತಿಳಿದಿದ್ದರು, ಕಿವಿ ಮಂದ ಎಂದು ಅಡುಗೆಯವರು ತಿಳಿದಿದ್ದರು.

*

ಕಾರು ಬಂದ ದಿನವೇ ಶಿತಿಕಂಠ ಮೇಣದ ಡಬ್ಬಿ ತಂದ. ಮುಚ್ಚಳ ತೆಗೆಯುವಷ್ಟರಲ್ಲಿ ಗುರುಗಳು ಬಂದು ಎಡಬಾಗಿಲಿಗೆ ಮೂಗು ಹಚ್ಚಿ ಮೂಸಿದರು.

"ಕೈಯಲ್ಲಿ ಏನದು?"

"ಮೇಣ, ಗುರುಗಳೇ. ಕಾರಿಗೆ ಹಚ್ಚುವುದು. ಹಚ್ಚಿ ಉಜ್ಜಿದರೆ ಮುಖ ಕಾಣುವಷ್ಟು ಹೊಳೆಯುತ್ತದೆ."

"ಯಾರ ಮುಖ?"

ಶಿತಿಕಂಠ ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದ.

"ಬಣ್ಣ ಹೊಡೆದವನು ಏನು ಹೇಳಿ ಕಳಿಸಿದ?"

"ಈಗಲೇ ಮೇಣ ಹಚ್ಚಬೇಡಿ ಎಂದ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದಂತೆ. ಆ ಹಸಿ ಹೊರಗೆ ಹೋಗುತ್ತಿರಬೇಕಂತೆ. ಮೇಣ ಹಚ್ಚಿದರೆ ಒಳಗೇ ಉಳಿಯುತ್ತದಂತೆ. ಬಣ್ಣದವರು ಎಲ್ಲರಿಗೂ ಹಾಗೆಯೇ ಹೇಳುತ್ತಾರೆ."

"ಎಲ್ಲರಿಗೂ ಹೇಳಿದ್ದರಲ್ಲಿ ನೀನು ಬರುವುದಿಲ್ಲವೇ?"

"ತಪ್ಪಾಯಿತು."

"ದಿನಾ ತೊಳಿ. ಮೇಣ ಬೇಡ."

"ಎಷ್ಟು ದಿನ, ಗುರುಗಳೇ?"

"ವಾಸನೆ ಇರುವಷ್ಟು ದಿನ."

"ತಮಗೆ ಕಾರಿನ ವಿಷಯವೂ ಗೊತ್ತೇ?"

"ಇಲ್ಲ. ಮೂಗಿದೆ."

*

ಮರುದಿನ ಬಿಸಿಲೇರುವ ಮೊದಲೇ ಶಿತಿಕಂಠ ಹೊಳೆಯಿಂದ ನೀರು ತಂದ. ಅಡುಗೆಮನೆಯ ಒರಟು ಬಟ್ಟೆಯೊಂದನ್ನು ಹಿಡಿದು ಎಡಬಾಗಿಲನ್ನು ಉಜ್ಜತೊಡಗಿದ. ಉಳಿದ ಮೂರು ಬಾಗಿಲುಗಳಿಗೆ ನೀರೂ ಬಿದ್ದಿರಲಿಲ್ಲ.

ಗುರುಗಳು ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಕೂತಿದ್ದರು.

"ಅಲ್ಲಿ ಏನು ಅಂಟಿದೆ?"

"ಏನೂ ಅಂಟಿಲ್ಲ."

"ಮತ್ತೆ ಏನನ್ನು ಉಜ್ಜುತ್ತಿದ್ದೀಯ?"

ಶಿತಿಕಂಠನ ಕೈ ನಿಂತಿತು. ಗುರುಗಳು ತಮ್ಮ ಹೆಗಲ ಮೇಲಿನ ವಸ್ತ್ರ ತೆಗೆದು ಅವನತ್ತ ಚಾಚಿದರು. ಒಗೆದು ಒಗೆದು ಅದು ಹತ್ತಿಯಷ್ಟೇ ಮೆತ್ತಗಾಗಿತ್ತು.

"ನೀರು ಬಿಡು. ಇದನ್ನು ತಾಗಿಸು. ಅಷ್ಟು ಸಾಕು."

"ಇದು ತಮ್ಮ ಹೊದಿಕೆ."

"ಈಗ ಕಾರಿನದು."

ಇದನ್ನು ನೋಡುತ್ತಿದ್ದ ಭಕ್ತರೊಬ್ಬರು ಆ ಒದ್ದೆ ಬಟ್ಟೆ ತಮಗೆ ಪ್ರಸಾದವಾಗಿ ಬೇಕೆಂದು ಕೈಮುಗಿದರು. ಕಾರು ಒಣಗಲಿ ಎಂದರು ಗುರುಗಳು. ಭಕ್ತರು ಆ ಮಾತನ್ನು ಬರೆದುಕೊಂಡು ಹೋದರು.

ಅಂದಿನಿಂದ ಅದೇ ಕ್ರಮವಾಯಿತು. ಶಿತಿಕಂಠ ತೊಳೆಯುತ್ತಿದ್ದ, ಗುರುಗಳು ಕಲ್ಲಿನ ಮೇಲೆ ಕೂತಿರುತ್ತಿದ್ದರು. ಹಕ್ಕಿಯ ಹಿಕ್ಕೆ ಬಿದ್ದರೆ ಕೂಡಲೇ ಒರೆಸಬೇಕು, ಬಿಸಿಲಲ್ಲಿ ನಿಲ್ಲಿಸಬಾರದು, ಮೇಲೆ ಟಾರ್ಪಾಲು ಹೊದಿಸಬಾರದು. ಎಲ್ಲ ಮುಗಿದ ಮೇಲೆ ಗುರುಗಳು ಎದ್ದು ಬಂದು ಬಾಗಿಲು ಮೂಸುತ್ತಿದ್ದರು. "ಇದೆ" ಎಂದು ಹೇಳಿ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಮೂಸಿದ ಮೇಲೆ ಹೋಗದೆ ಅಲ್ಲೇ ನಿಂತರು.

"ಆ ಎಮ್ಮೆ ಯಾವ ಕಡೆಯಿಂದ ಬಂತು?"

"ಬಲಗಡೆಯಿಂದ."

"ಪೊಲೀಸರಿಗೆ ನೀನು ಎಡಗಡೆ ಎಂದಿದ್ದೆ."

ಶಿತಿಕಂಠ ಬಕೆಟ್ಟಿನೊಳಗೆ ನೋಡುತ್ತ ನಿಂತ.

"ಇರಲಿ. ಬೇರೆ ಎಮ್ಮೆ ಇರಬಹುದು," ಎಂದು ಗುರುಗಳು ಒಳಗೆ ಹೋದರು.

*

ಕೊಪ್ಪಳದ ಕಡೆಯ ಒಂದು ಹಳ್ಳಿಯಿಂದ ಆಶ್ರಮಕ್ಕೆ ಫೋನು ಬಂತು. ಗವಿಸಿದ್ದನ ತಾಯಿ ಶಿವಗಂಗವ್ವ ಬರುತ್ತಿದ್ದಾರೆ. ಮಗ ಇದ್ದ ಜಾಗ ನೋಡಬೇಕಂತೆ.

ಆಶ್ರಮದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಸೂರಪ್ಪನವರು ಶಿತಿಕಂಠನನ್ನು ಕರೆದರು. ಅವರು ಎಲ್ಲವನ್ನೂ ಮುಂಚಿತವಾಗಿ ಯೋಚಿಸುವವರು. ಆಶ್ರಮದಲ್ಲಿ ಯಾರಾದರೂ ಒಬ್ಬರು ಹಾಗಿರಲೇಬೇಕಲ್ಲ.

"ರೈಲ್ವೆ ಸ್ಟೇಷನ್ನಿಗೆ ನೀನೇ ಹೋಗಬೇಕು. ಬೇರೆ ಯಾರಿಗೂ ಗಾಡಿ ಬರಲ್ಲ."

"ನಾನು ಬೇಡ, ಸೂರಪ್ಪನವರೇ."

"ನೀನು ಹೋಗದಿದ್ದರೆ ಯಾಕೆ ಹೋಗಲಿಲ್ಲ ಅಂತಾರೆ. ಕೇಳಿಸಿಕೋ. ಅದೇ ಕಾರು ಅಂತ ಹೇಳಬೇಡ. ಕೇಳಿದರೆ, ಅದನ್ನು ಮಾರಿದೆವು ಅನ್ನು. ಎಮ್ಮೆ ವಿಷಯ ಅವರಿಗೆ ಆಗಲೇ ಗೊತ್ತು. ಹೊಸದಾಗಿ ಏನೂ ಸೇರಿಸಬೇಡ."

"ಕಾರು ನೋಡಿದರೆ ಗೊತ್ತಾಗುತ್ತೆ. ಆ ಬಾಗಿಲು ಒಂದೇ ಮಂಕು."

"ಅದಕ್ಕೇ ಹೇಳ್ತಿರೋದು. ಮೇಣ ಹಚ್ಚು."

"ಗುರುಗಳು ಬೇಡ ಅಂದಿದ್ದಾರೆ."

"ಗುರುಗಳು ಅಂದದ್ದು ಸಾಧನೆಗೆ, ಮಾರಾಯ. ಇದು ಸ್ಟೇಷನ್ನು."

ಗುರುಗಳು ಹೊಳೆಯ ಆಚೆ ದಡಕ್ಕೆ ಹೋಗಿದ್ದ ಹೊತ್ತು ನೋಡಿ ಶಿತಿಕಂಠ ಡಬ್ಬಿ ತೆಗೆದ. ಹಚ್ಚಿದ. ಉಜ್ಜಿದ. ಇಡೀ ಕಾರು ಹೊಳೆಯಿತು. ಎಡಬಾಗಿಲು ಎಲ್ಲಕ್ಕಿಂತ ಹೆಚ್ಚು ಹೊಳೆಯಿತು. ಅದರಲ್ಲಿ ಅವನ ಮುಖ ಕಂಡಿತು. ಅವನು ಪಕ್ಕಕ್ಕೆ ಸರಿದ.

ಸೂರಪ್ಪನವರು ಅದನ್ನು ಎಲ್ಲರಿಗೂ ಕಾಣುವಂತೆ ಅವನಿಂದ ಅಂಗಳದ ಮಧ್ಯೆ ತರಿಸಿ ನಿಲ್ಲಿಸಿದರು. ಅಂಗಳದಲ್ಲಿ ಬಿಸಿಲಿತ್ತು.

ಸಂಜೆಯ ಹೊತ್ತಿಗೆ ಎಡಬಾಗಿಲಿನ ಮೇಲೆ ಗುಳ್ಳೆಗಳೆದ್ದಿದ್ದವು. ಸಾಸಿವೆ ಕಾಳಿನಷ್ಟು ಚಿಕ್ಕ ಗುಳ್ಳೆಗಳು. ಅವುಗಳ ಸುತ್ತ ಬಣ್ಣ ಹಾಲಿನಂತೆ ಮಸುಕಾಗಿತ್ತು. ಬಾಗಿಲು ತುಂಬ ಅಲ್ಲ. ಟಿಂಕರಿಂಗ್ ಮಾಡಿಸಿದ್ದ ಕಡೆ ಮಾತ್ರ. ಬಡಿದದ್ದು ಎಲ್ಲಿಂದ ಎಲ್ಲಿಯವರೆಗೆ ಎಂದು ಈಗ ಕುರುಡರೂ ಬೆರಳಿಂದ ತೋರಿಸಬಹುದಾಗಿತ್ತು.

"ಕೆಲಸ ಕೆಡಿಸಿದೆಯಲ್ಲೋ," ಎಂದರು ಸೂರಪ್ಪನವರು.

*

ಶಿತಿಕಂಠ ಹೊಳೆಯ ದಂಡೆಗೆ ಹೋದ. ಗುರುಗಳು ಈಚೆ ದಡಕ್ಕೆ ಮರಳಿ ಕಾಲು ತೊಳೆಯುತ್ತಿದ್ದರು.

"ಗುರುಗಳೇ, ಮೇಣ ಹಚ್ಚಿಬಿಟ್ಟೆ."

"ಹೂಂ."

"ಗುಳ್ಳೆ ಎದ್ದಿದೆ."

"ಏಳುತ್ತದೆ."

"ಇನ್ನೊಂದು ಇದೆ."

ಗುರುಗಳು ಕಾಲು ತೊಳೆಯುವುದನ್ನು ನಿಲ್ಲಿಸಿದರು.

"ಎಮ್ಮೆ ಇರಲಿಲ್ಲ," ಎಂದ ಶಿತಿಕಂಠ.

"ಏನಿತ್ತು?"

"ಏನೂ ಇರಲಿಲ್ಲ. ರಸ್ತೆ ಖಾಲಿ ಇತ್ತು. ಗವಿಸಿದ್ದ ಕೆನ್ನೆ ಹಿಡಿದುಕೊಂಡು ಕೂತಿದ್ದ. ತಾವು ಹೇಳಿದ್ದಿರಿ, ಏನು ಮಾಡುವಾಗಲೂ ಮಾಡುವವನನ್ನು ನೋಡುತ್ತಿರು ಎಂದು. ನಾನು ಕಾರು ಓಡಿಸುವವನನ್ನು, ನನ್ನನ್ನೇ, ನೋಡುತ್ತಿದ್ದೆ. ಅವನ ಕೈ, ಅವನ ಉಸಿರು. ಆ ದಿನ ತುಂಬ ಚೆನ್ನಾಗಿ ಕಾಣುತ್ತಿದ್ದ. ಅಷ್ಟು ಚೆನ್ನಾಗಿ ಅದುವರೆಗೆ ಯಾವತ್ತೂ ಕಂಡಿರಲಿಲ್ಲ."

"ರಸ್ತೆ?"

"ರಸ್ತೆಯನ್ನು ಅವನು ನೋಡುತ್ತಿದ್ದಾನೆ ಎಂದುಕೊಂಡೆ."

ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಕೈ ಕೆಳಗಿಳಿದ ಮೇಲೆ ಸದ್ದು ಕೇಳಿಸುತ್ತಿತ್ತು.

"ನಾನು ಆ ಮಾತು ಹೇಳಿದಾಗ ನೀನು ಏನು ಮಾಡುತ್ತಿದ್ದೆ?" ಎಂದು ಗುರುಗಳು ಕೇಳಿದರು.

"ಕೊಟ್ಟಿಗೆಯಲ್ಲಿ ಸೆಗಣಿ ಬಾಚುತ್ತಿದ್ದೆ."

"ಸೆಗಣಿ ಬಾಚುವವನಿಗೆ ಹೇಳಿದ್ದು. ಸ್ಟೀರಿಂಗ್ ಹಿಡಿದವನಿಗಲ್ಲ."

ಕಾಲನ್ನು ನೀರಿನಿಂದ ತೆಗೆದು ಮತ್ತೆ ಅಂದರು: "ಆದರೆ ಅಂದು ಹಾಗೆಂದು ನಾನು ಬಿಡಿಸಿ ಹೇಳಲಿಲ್ಲ."

"ಗವಿಸಿದ್ದನ ತಾಯಿ ಬರುತ್ತಿದ್ದಾರೆ. ಏನು ಹೇಳಲಿ?"

"ಗೊತ್ತಿಲ್ಲ."

"ಗುರುಗಳೇ, ತಮಗೂ ಗೊತ್ತಿಲ್ಲದಿದ್ದರೆ…"

"ನನಗೂ ಗೊತ್ತಿಲ್ಲ. ಬಕೆಟ್ ತಾ."

ಕತ್ತಲಾಗುವವರೆಗೆ ಗುರುಗಳು ಬಾಗಿಲ ಮುಂದೆ ಮೊಣಕಾಲೂರಿ ಕೂತು ಸೋಪಿನ ನೀರಿನಿಂದ ಮೇಣ ತೆಗೆದರು. ಶಿತಿಕಂಠ ಬಟ್ಟೆಗೆ ಕೈ ಚಾಚಿದರೆ ಕೊಡಲಿಲ್ಲ. ಹೊಳಪು ಹೋಯಿತು. ಗುಳ್ಳೆಗಳು ಉಳಿದವು.

ಮರುದಿನ ಶಿತಿಕಂಠ ಕಾರು ಹೊರಡಿಸುವಾಗ ಗುರುಗಳು ಹಿಂದಿನ ಸೀಟಿನಲ್ಲಿ ಬಂದು ಕೂತರು. ಸ್ಟೇಷನ್ನಿನಂಥ ಜಾಗಕ್ಕೆ ಅವರು ಹೋಗುವುದು ಸರಿಯಲ್ಲ ಎಂದರು ಸೂರಪ್ಪನವರು. ಗುರುಗಳಿಗೆ ಕೇಳಿಸಲಿಲ್ಲ.

*

ಶಿವಗಂಗವ್ವ ಸಣ್ಣ ಗಾತ್ರದ ಹೆಂಗಸು. ಕೈಯಲ್ಲಿ ಒಂದು ಬಟ್ಟೆಯ ಗಂಟು, ಒಂದು ಸ್ಟೀಲ್ ಡಬ್ಬಿ. ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದಿದ್ದಳು.

"ಗುರೆಳ್ಳು ಚಟ್ನಿಪುಡಿ," ಎಂದಳು, ಯಾರೂ ಕೇಳದಿದ್ದರೂ. "ತರಬೇಕು ನೋಡವ್ವಾ ಅಂತ ಫೋನಿನಾಗ ಹೇಳಿದ್ದ. ಮಾಡಿ ಇಟ್ಟಿದ್ದೆ. ಆಮ್ಯಾಲ ಏನು ಮಾಡಬೇಕು ತಿಳೀಲಿಲ್ಲ."

ಶಿತಿಕಂಠ ಗಂಟು ತೆಗೆದುಕೊಂಡ. ಡಬ್ಬಿ ಕೊಡಲಿಲ್ಲ ಅವಳು.

ಕಾರಿನ ಹತ್ತಿರ ಬಂದು ನಿಂತಳು.

"ಇದೇ ಕಾರೇನಪಾ?"

ಮಾರಿದೆವು ಎನ್ನಬೇಕಿತ್ತು. ಹಿಂದಿನ ಸೀಟಿನಲ್ಲಿದ್ದ ಗುರುಗಳು ಆಗಲೇ ಇಳಿದು ನಿಂತಿದ್ದರು. ಅವರು ಅವನತ್ತ ನೋಡಲಿಲ್ಲ.

"ಇದೇ, ಅಮ್ಮ."

ಅವಳು ಎಡಬಾಗಿಲಿನ ಮೇಲೆ ಅಂಗೈ ಆಡಿಸಿದಳು.

"ಇಲ್ಲಿ ಏನು ಹಿಂಗ ಗುಳ್ಳಿ?"

"ಬಣ್ಣ ಒಣಗುವ ಮೊದಲೇ ಮೇಣ ಹಚ್ಚಿದೆ."

"ಯಾಕ ಹಚ್ಚಿದಿ?"

"ನಿಮಗೆ ಕಾಣಬಾರದು ಅಂತ."

ಶಿವಗಂಗವ್ವ ತಲೆಯಾಡಿಸಿದಳು. ಮೆಲ್ಲಗೆ ಕೇಳಿದಳು:

"ಆ ಎಮ್ಮಿ ಉಳೀತೇನಪಾ?"

ಶಿತಿಕಂಠನಿಗೆ ಅರ್ಥವಾಗಲಿಲ್ಲ.

"ಅಡ್ಡ ಬಂದಿತ್ತಲ್ಲ, ಆ ಎಮ್ಮಿ. ಉಳೀತೋ ಸತ್ತಿತೋ? ಗಬ್ಬ ಇತ್ತೇನು? ಯಾರ ಮನೀದು? ಯಾರೂ ಅದರ ಸುದ್ದಿ ಹೇಳಲಿಲ್ಲ. ನಮ್ಮನ್ಯಾಗೂ ಎರಡು ಅದಾವ. ಅದು ಮೂಕ ಪ್ರಾಣಿ, ಅದಕ್ಕೇನು ಗೊತ್ತು ರಸ್ತಾ. ಅದರ ಮ್ಯಾಲ ಯಾರೂ ಸಿಟ್ಟಾಗಬ್ಯಾಡ್ರಿ ಅಂತ ಹೇಳಾಕ ಬಂದೀನಿ."

ಶಿತಿಕಂಠ ಗಂಟನ್ನು ನೆಲಕ್ಕಿಟ್ಟ.

"ಎಮ್ಮೆ ಇರಲಿಲ್ಲ, ಅಮ್ಮ."

"ಏನಂದಿ?"

"ಯಾವ ಎಮ್ಮೆಯೂ ಬರಲಿಲ್ಲ. ನಾನೇ ಹೋಗಿ ಕಟ್ಟೆಗೆ ಹೊಡೆದೆ."

ಅವಳು ಬಂದಿದ್ದ ರೈಲು ಹೊರಟಿತು. ಕೊನೆಯ ಬೋಗಿ ದಾಟುವವರೆಗೆ ಮಾತು ಕೇಳಿಸುವಂತಿರಲಿಲ್ಲ. ಅವಳು ಕಾದಳು.

"ಹಂಗಾರ ನೀ ಏನು ನೋಡಾಕತ್ತಿದ್ದಿ?"

"ನನ್ನನ್ನೇ ನೋಡಿಕೊಳ್ಳುತ್ತಿದ್ದೆ."

"ಕನ್ನಡ್ಯಾಗ?"

"ಅಲ್ಲ. ಒಳಗೆ. ಅದೊಂದು ಅಭ್ಯಾಸ. ಇಲ್ಲಿ ಕಲಿಸುತ್ತಾರೆ."

ಅವಳು ಗುರುಗಳತ್ತ ತಿರುಗಿದಳು.

"ನೀವು ಕಲಿಸಿದ್ದೇನು ಇದನ್ನ?"

"ಹೌದು, ತಾಯಿ."

"ನನ್ನ ಮಗಗೂ?"

"ಅವನಿಗೂ."

"ಅವ ಕಲ್ತಿದ್ನೇನು?"

"ಅವನಿಗೆ ಹಲ್ಲು ನೋವಿತ್ತು. ಅವನು ಹಲ್ಲನ್ನೇ ನೋಡುತ್ತಿದ್ದ."

ಶಿವಗಂಗವ್ವ ನೆಲದ ಮೇಲಿದ್ದ ಗಂಟನ್ನು ಎತ್ತಿಕೊಂಡಳು.

"ನಾ ಇದರಾಗ ಕುಂದ್ರೂದಿಲ್ಲ. ದಾರಿ ಯಾವುದು?"

ಗುರುಗಳು ದಾರಿ ತೋರಿಸಿದರು. ಅವಳು ನಡೆದಳು.

ಗುರುಗಳು ಅವಳ ಹಿಂದೆ ನಡೆದರು. ಶಿತಿಕಂಠ ಇಬ್ಬರ ಹಿಂದೆ ಖಾಲಿ ಕಾರನ್ನು ಮೊದಲನೆಯ ಗೇರಿನಲ್ಲಿ ಓಡಿಸಿಕೊಂಡು ಹೋದ. ದಾರಿಯಲ್ಲಿ ಸಿಕ್ಕ ಭಕ್ತರು ಇದು ಯಾವ ವ್ರತವೆಂದು ತಿಳಿಯದಿದ್ದರೂ ಸುಮ್ಮನಿರಬಾರದೆಂದು ಕೈಮುಗಿದರು.

ಪೇಟೆ ದಾಟಿದ ಮೇಲೆ ಅವಳು ಹಿಂತಿರುಗಿ ನೋಡಿದಳು. ಗುರುಗಳ ನಡಿಗೆ ತಡವರಿಸುತ್ತಿತ್ತು.

"ವಯಸ್ಸಾದವರು. ನೀವ್ಯಾಕ ನಡೀತೀರಿ? ಹೋಗಿ ಕುಂದ್ರಿ."

"ಹೇಳಿಕೊಟ್ಟವನು ನಾನು, ತಾಯಿ."

ಅವಳು ಮತ್ತೆ ಮಾತಾಡಲಿಲ್ಲ. ಆದರೆ ಹೆಜ್ಜೆ ಸ್ವಲ್ಪ ನಿಧಾನವಾಯಿತು. ಒಂದು ಕಡೆ ಡಬ್ಬಿಯನ್ನು ಗುರುಗಳ ಕೈಗೆ ಕೊಟ್ಟು ಸೆರಗು ಸರಿಪಡಿಸಿಕೊಂಡಳು. ಡಬ್ಬಿಯನ್ನು ತಿರುಗಿ ಕೇಳಲಿಲ್ಲ.

ತಿರುವಿನ ಮೋರಿ ಬಂತು. ಇದೇ ಜಾಗ ಎಂದು ಯಾರೂ ಹೇಳಲಿಲ್ಲ. ಕಟ್ಟೆಯ ಕಲ್ಲಿಗೆ ಬಿಳಿಯ ಬಣ್ಣ ಇನ್ನೂ ಅಂಟಿಕೊಂಡಿತ್ತು. ಅವಳು ಅಲ್ಲಿ ಕೂತಳು. ಶಿತಿಕಂಠ ಕಾರು ನಿಲ್ಲಿಸಿ ಇಳಿದು ಬಂದ.

"ಹಲ್ಲು ಕಿತ್ತಿಸಿದ್ರೇನು?" ಎಂದು ಅವಳು ಕೇಳಿದಳು.

"ಇಲ್ಲ. ಹೋಗುತ್ತಿದ್ದದ್ದು ಅದಕ್ಕೇ."

"ಹಂಗಾರ ನೋವಿನಾಗ ಹೋದ."

ಅವಳು ಮೋರಿಯೊಳಗಿನ ನೀರನ್ನು ನೋಡುತ್ತ ಬಹಳ ಹೊತ್ತು ಕೂತಿದ್ದಳು. ಒಂದು ಎಮ್ಮೆ ನಿಜವಾಗಿಯೂ ರಸ್ತೆಗೆ ಬಂತು. ನಡುವೆ ನಿಂತು, ಮೂವರನ್ನೂ ನೋಡಿ, ಆಚೆಗೆ ಹೋಯಿತು. ಬಲಗಡೆಯಿಂದ ಬಂದಿತ್ತು.

ಶಿವಗಂಗವ್ವ ಎದ್ದಳು. ಕಾರಿನ ಹತ್ತಿರ ಹೋಗಿ ಎಡಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕೂತಳು. ಬಾಗಿಲನ್ನು ತಾನೇ ಎಳೆದು ಮುಚ್ಚಿದಳು. ಗುರುಗಳು ಹಿಂದೆ ಕೂತರು. ಶಿತಿಕಂಠ ಸ್ಟೀರಿಂಗ್ ಮುಂದೆ ಕೂತ. ಅವನು ತನ್ನ ಕೈಯನ್ನೇ ನೋಡುತ್ತಿದ್ದ.

"ಕೈ ನೋಡಬ್ಯಾಡ," ಎಂದಳು ಅವಳು. "ರಸ್ತಾ ನೋಡು."

*

ಅವಳು ಮಗ ಮಲಗುತ್ತಿದ್ದ ಜಾಗ ನೋಡಿದಳು. ಅವನ ತಟ್ಟೆ ಕೇಳಿದಳು. ಅದು ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ, ಎಲ್ಲ ತಟ್ಟೆಗಳೂ ಒಂದೇ ಥರ ಇದ್ದವು. ಸೂರಪ್ಪನವರು ಕೋಣದ ಮಾತು ತೆಗೆಯಹೋದರು. ಅವಳು ಅವರನ್ನು ನೋಡಿದ ರೀತಿಗೆ ಮಾತು ಬದಲಿಸಿ ಹವಾಮಾನಕ್ಕೆ ಬಂದರು.

ವಾಪಸು ಹೋಗುವಾಗಲೂ ಶಿತಿಕಂಠನೇ ಸ್ಟೇಷನ್ನಿಗೆ ಬಿಟ್ಟ. ಅವಳು ಎಡಗಡೆ ಕೂತಳು. ಕ್ಷಮಿಸಿದೆ ಎನ್ನಲಿಲ್ಲ. ಶಪಿಸಲೂ ಇಲ್ಲ. ಇಳಿಯುವಾಗ, "ಹುಷಾರು ಹೋಗು," ಎಂದಳು. ಡ್ರೈವರುಗಳಿಗೆ ಎಲ್ಲರೂ ಹೇಳುವ ಮಾತು ಅದು.

ಚಟ್ನಿಪುಡಿಯ ಡಬ್ಬಿ ಆಶ್ರಮದಲ್ಲೇ ಉಳಿಯಿತು. ಮುಚ್ಚಳ ತೆಗೆಯಲು ಯಾರಿಗೂ ಧೈರ್ಯವಾಗಲಿಲ್ಲ. ಒಂದು ಮಧ್ಯಾಹ್ನ ಗುರುಗಳು ತೆಗೆದು ಅನ್ನಕ್ಕೆ ಕಲಸಿಕೊಂಡು ಉಂಡರು. ಅವರ ಕಣ್ಣಲ್ಲಿ ನೀರು ಬಂತು. ಆ ಕಡೆಯವರು ಖಾರ ಜಾಸ್ತಿ ಹಾಕುತ್ತಾರೆ ಎಂದರು ಅಡುಗೆಯವರು.

ಶಿತಿಕಂಠ ತೊಳೆಯುವುದನ್ನು ಬಿಡಲಿಲ್ಲ. ಚಳಿಗಾಲ ಬಂತು, ಹೋಯಿತು. ಬೇವು ಎಲೆ ಉದುರಿಸಿ ಮತ್ತೆ ಚಿಗುರಿತು. ಬಾಗಿಲಿನ ಗುಳ್ಳೆಗಳು ಒಡೆದು ಸಣ್ಣ ಸಣ್ಣ ಕುಳಿಗಳಾಗಿದ್ದವು. ಒಂದು ಬೆಳಿಗ್ಗೆ ಅವನು ಬಾಗಿಲಿಗೆ ಮೂಗು ಹಚ್ಚಿದ. ಹೊಳೆಯ ನೀರಿನ ವಾಸನೆ ಬಿಟ್ಟರೆ ಬೇರೆ ಏನೂ ಇರಲಿಲ್ಲ. ನಾಲ್ಕೂ ಬಾಗಿಲು ಮೂಸಿ ಖಾತ್ರಿ ಮಾಡಿಕೊಂಡು ಕಲ್ಲಿನ ಹತ್ತಿರ ಬಂದ.

"ಗುರುಗಳೇ, ವಾಸನೆ ಹೋಗಿದೆ. ಇನ್ನು ಮೇಣ ಹಚ್ಚಬಹುದೇ?"

ಗುರುಗಳು ಕಲ್ಲಿನಿಂದ ಎದ್ದರು. ಕಾರಿನ ಹತ್ತಿರ ಹೋಗಲಿಲ್ಲ. ಶಿತಿಕಂಠನ ಹೆಗಲಿಗೆ ಮೂಗು ತಂದು ಮೂಸಿದರು. ಆಮೇಲೆ ತಮ್ಮ ಅಂಗೈಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಮತ್ತೆ ಕಲ್ಲಿನ ಮೇಲೆ ಕೂತರು.

"ಇನ್ನೂ ಇದೆ. ನೀರು ತಾ."